ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಮಕ್ಕಳು ಯಾಕೆ ಕಿರುಚುತ್ತಾರೆ?

ಡೊಂಬಿವಲಿಯಿಂದ ಒಬ್ಬ ತಾಯಿ ಬರೆದಿದ್ದಾರೆ:

"ಮೇಡಂ, ನಮಸ್ಕಾರ. ನನ್ನ ಮಗಳ ಶಾಲೆಯ ಗ್ಯಾದರಿಂಗ್‌ನಲ್ಲಿ (ವಾರ್ಷಿಕೋತ್ಸವದಲ್ಲಿ) ಈ ವರ್ಷ ಒಂದು ಕನ್ನಡ ಹಾಡು ಇರಲಿ ಅಂತ ಶಾಲೆಯವರೇ ಕೇಳಿದ್ದಾರೆ. ಆರರಿಂದ ಒಂಬತ್ತನೇ ಕ್ಲಾಸಿನ 14 ಮಕ್ಕಳು ಸೇರಿದ್ದಾರೆ. ಒಂಬತ್ತು ಜನ ಹಾಡುತ್ತಾರೆ. ಉಳಿದವರದು ಕೀಬೋರ್ಡ್, ಗಿಟಾರ್, ಕೊಳಲು, ತಬಲಾ, ಕಹೋನ್ (ಕೂತು ಬಡಿಯುವ ಮರದ ಪೆಟ್ಟಿಗೆ). ಮನೆಯಲ್ಲಿ ಕನ್ನಡ ಅಥವಾ ತುಳು ಮಾತಾಡುವವರು ನಾಲ್ಕೇ ಜನ, ಮಿಕ್ಕವರು ಮರಾಠಿ, ಕೊಂಕಣಿ, ಮಲಯಾಳಂನವರು. ನಮ್ಮ ಪೇಟಿ (ಹಾರ್ಮೋನಿಯಂ) ಮಾಸ್ತರು ಮೋಹನ ರಾಗದ ಒಂದು ದಾಸರ ಪದ ಕಲಿಸಿದ್ದಾರೆ. ಪಲ್ಲವಿ ಚೆನ್ನಾಗಿ ಬರುತ್ತದೆ. ಎರಡನೇ ಚರಣಕ್ಕೆ ಹೋಗುವಷ್ಟರಲ್ಲಿ ಎಲ್ಲರೂ ಓಡುತ್ತಾರೆ, ಕಿರುಚುತ್ತಾರೆ, ಅಪಸ್ವರ ಬರುತ್ತದೆ. ಗಿಟಾರ್ ಹುಡುಗ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಾಕಿದರೆ ರಾಗ ಕೆಡುತ್ತೆ ಅಂತ ಮಾಸ್ತರಿಗೆ ಸಿಟ್ಟು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನ ಗಂಟಲು ಒಡೆದಿದೆ, ಅವನಿಗೆ ಸುಮ್ನೆ ತುಟಿ ಆಡಿಸು ಅಂದಿದ್ದಾರೆ. ಅವನು ಬರುವುದನ್ನೇ ಕಡಿಮೆ ಮಾಡಿದ್ದಾನೆ. ಬೇರೆ ತಾಯಂದಿರು ಟ್ರ್ಯಾಕ್ ಹಾಕಿ ಹಾಡಿಸೋಣ ಅನ್ನುತ್ತಾರೆ. ಇನ್ನು ಆರು ವಾರ ಇದೆ. ಹಾಡು ಬದಲಾಯಿಸಬೇಕಾ? ನನಗೆ ಸಂಗೀತ ಗೊತ್ತಿಲ್ಲ, ಮಕ್ಕಳನ್ನು ಸೇರಿಸುವ ಕೆಲಸ ಮಾತ್ರ ನನ್ನದು."

ಪತ್ರದ ಜೊತೆ ಫೋನಿನಲ್ಲಿ ಮಾಡಿದ ಎರಡು ರೆಕಾರ್ಡಿಂಗ್ ಕಳಿಸಿದ್ದಾರೆ. ಮೂರ್ನಾಲ್ಕು ಸಲ ಕೇಳಿದೆ.

ಅಮ್ಮಾ, ಹಾಡು ಬದಲಾಯಿಸಬೇಡಿ. ಮಕ್ಕಳನ್ನೂ ಬದಲಾಯಿಸಬೇಡಿ. ನೀವು ಬರೆದ ತೊಂದರೆಗಳು ಬೇರೆ ಬೇರೆ ಅಂತ ನಿಮಗೆ ಕಾಣುತ್ತಿವೆ. ರೆಕಾರ್ಡಿಂಗ್ ಕೇಳಿದ ಮೇಲೆ ನನಗೆ ಅನಿಸುವುದು, ಅವುಗಳಲ್ಲಿ ಮುಕ್ಕಾಲು ಪಾಲು ಒಂದೇ ಕಡೆಯಿಂದ ಹುಟ್ಟಿವೆ. ಅದು ಶ್ರುತಿ, ಅಂದರೆ ಹಾಡಿನ ಸ (ಷಡ್ಜ) ಯಾವ ಎತ್ತರದಲ್ಲಿ ಕೂರುತ್ತದೆ ಅನ್ನುವುದು.

ನಿಮ್ಮ ಮಾಸ್ತರು ಕಾಳಿ ಏಕ್‌ನಲ್ಲಿ, ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ ಒಂದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಾರೆ (ಮನೆ ಅಂದರೆ ಪೇಟಿಯ ಬಿಳಿ ಕೀ, ಅರ್ಧ ಮನೆ ಅಂದರೆ ಕಪ್ಪು-ಬಿಳಿ ಸೇರಿ ಪಕ್ಕದ ಕೀಯ ಅಂತರ). ಗಂಡು ದನಿಗೆ ಅದು ಒಳ್ಳೆಯ ಶ್ರುತಿ. ಆದರೆ ಮಕ್ಕಳು ಅದೇ ಶ್ರುತಿಯನ್ನು ಒಂದು ಸ್ಥಾಯಿ (ಸ ಇಂದ ಮೇಲಿನ ಸ ವರೆಗಿನ ಅಂತರ) ಮೇಲೆ ಹಿಡಿಯುತ್ತಾರೆ. ಪಲ್ಲವಿ ಮಧ್ಯ ಸ್ಥಾಯಿಯಲ್ಲೇ ಓಡಾಡುತ್ತದೆ, ಹಾಗಾಗಿ ಅಲ್ಲಿ ಕಷ್ಟ ಇಲ್ಲ. ಚರಣ ತಾರ ಪಂಚಮ, ಅಂದರೆ ಮೇಲಿನ ಸ್ಥಾಯಿಯ ಪ, ಮುಟ್ಟುತ್ತದೆ. ಈ ಶ್ರುತಿಯಲ್ಲಿ ಆ ಪಂಚಮ ಕೀಬೋರ್ಡಿನ ನಡುವಿನ ಸಿ ಇಂದ ಒಂದೂವರೆ ಸ್ಥಾಯಿಗಿಂತಲೂ ಮೇಲೆ ಬೀಳುತ್ತದೆ. ತರಬೇತಿ ಇಲ್ಲದ ಹನ್ನೊಂದು-ಹನ್ನೆರಡು ವರ್ಷದ ಮಗು ಅಲ್ಲಿಗೆ ಹೋಗಬೇಕಾದರೆ ಕೂಗಲೇಬೇಕು. ಕೂಗಿದರೆ ಉಸಿರು ಬೇಗ ಮುಗಿಯುತ್ತದೆ. ಉಸಿರು ಮುಗಿದರೆ ಸಾಲಿನ ಕೊನೆಯ ಅಕ್ಷರವನ್ನು ಪೂರ್ತಿ ಎಳೆಯಲಾಗುವುದಿಲ್ಲ.

ಇಲ್ಲೊಂದು ವಿಷಯ ನೋಡಿ. ನಿಮ್ಮ ಎರಡನೇ ರೆಕಾರ್ಡಿಂಗಿನಲ್ಲಿ ಬೆರಳು ಮಡಿಸಿ ಎಣಿಸಿದೆ. ಪಲ್ಲವಿಯ ಸಾಲಿನ ಕೊನೆಯಲ್ಲಿ ಮಕ್ಕಳು ನಾಲ್ಕು ಮಾತ್ರೆ (ತಾಳದ ಎಣಿಕೆ) ಎಳೆಯುತ್ತಾರೆ. ಎರಡನೇ ಚರಣದಲ್ಲಿ ಅದೇ ಜಾಗದಲ್ಲಿ ಮೂರೇ. ಉಸಿರು ಎಳೆದುಕೊಂಡು ಮುಂದಿನ ಸಾಲಿಗೆ ಹಾರುತ್ತಾರೆ. ತಬಲಾ ಹುಡುಗ ಸರಿಯಾಗೇ ನುಡಿಸುತ್ತಿದ್ದಾನೆ, ಆದರೆ ಸಮ್ (ತಾಳದ ಮೊದಲ ಮಾತ್ರೆ) ಬರುವ ಮೊದಲೇ ಹಾಡು ಶುರುವಾಗಿರುತ್ತದೆ. ಪಾಪ, ಅವನು ಅವರನ್ನು ಹಿಡಿಯಲು ಓಡುತ್ತಾನೆ. ಅವನು ಓಡಿದನೆಂದು ಇವರು ಇನ್ನಷ್ಟು ಓಡುತ್ತಾರೆ. ಲಯ ಅಳೆಯುವ ಮೆಟ್ರೊನೋಮ್ ಆಪ್ ಇಟ್ಟು ನೋಡಿದೆ. ನಿಮಿಷಕ್ಕೆ 84 ಮಾತ್ರೆಗೆ ಶುರುವಾದ ಹಾಡು ಮುಗಿಯುವಾಗ ನೂರು ದಾಟಿದೆ. ಇದಕ್ಕೆ ಮಕ್ಕಳಿಗೆ ತಾಳಜ್ಞಾನ ಇಲ್ಲ ಅಂತ ಬೈದು ಪ್ರಯೋಜನ ಇಲ್ಲ. ಉಸಿರಿಗೆ ಜಾಗ ಇಲ್ಲ, ಅಷ್ಟೇ.

ಹಾಗಾದರೆ ಯಾವ ಶ್ರುತಿ? ಐದು ಮನೆ ಇಟ್ಟು ನೋಡಿ, ಮಾಸ್ತರ ಭಾಷೆಯಲ್ಲಿ ಪಾಂಢರಿ ಪಾಚ್, ಗಿಟಾರ್ ಹುಡುಗನ ಭಾಷೆಯಲ್ಲಿ ಜಿ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಹಾಡುವ ಶ್ರುತಿ ಇದರ ಆಸುಪಾಸಿನಲ್ಲೇ. ಇಲ್ಲಿ ಷಡ್ಜ ನಡುವಿನ ಸಿ ಗಿಂತ ಕೆಳಗಿನ ಜಿ ಆಗುತ್ತದೆ, ತಾರ ಪಂಚಮ ಡಿ ಆಗುತ್ತದೆ. ಆ ಡಿ ವರೆಗೆ ಮಕ್ಕಳು ನಗುನಗುತ್ತಾ ಹೋಗುತ್ತಾರೆ. ಆರನೇ ಕ್ಲಾಸಿನ ಚಿಕ್ಕವರಿಗೆ ಕೆಳಗಿನ ಷಡ್ಜ ಸ್ವಲ್ಪ ಮೆತ್ತಗೆ ಕೇಳಬಹುದು. ತೀರಾ ಕೇಳಿಸದಿದ್ದರೆ ಅರ್ಧ ಮನೆ ಏರಿಸಿ, ಅದಕ್ಕಿಂತ ಜಾಸ್ತಿ ಬೇಡ.

ಶ್ರುತಿ ಬದಲಾಯಿಸುವ ಮೊದಲು ವಾದ್ಯಗಳನ್ನು ಕೇಳಬೇಕು. ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ಹಲವು ವರ್ಷಗಳ ಹಿಂದೆ ಒಂದು ಶಾಲೆಯ ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಹುಡುಗಿಯರಿಗೆ ಹಗುರಾಗಲಿ ಅಂತ ಶ್ರುತಿ ಇಳಿಸಿಬಿಟ್ಟೆ. ಕೊಳಲು ನುಡಿಸುತ್ತಿದ್ದ ಹುಡುಗ ಏನೂ ಹೇಳಲಿಲ್ಲ. ಸ್ಟೇಜಿನ ಮೇಲೆ ಕೊಳಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಡು ಮುಗಿಯುವವರೆಗೂ ಕೂತಿದ್ದ. ಅವನ ಕೊಳಲಿನಲ್ಲಿ ಆ ಶ್ರುತಿ ಬರುತ್ತಿರಲಿಲ್ಲ. ಆ ಮುಖ ನನಗೆ ಇವತ್ತಿಗೂ ನೆನಪಿದೆ.

ನಿಮ್ಮ ಅದೃಷ್ಟಕ್ಕೆ ಐದು ಮನೆಯಲ್ಲಿ ಎಲ್ಲರೂ ಕೂರುತ್ತಾರೆ. ನಿಮ್ಮ ಹುಡುಗನ ಕೈಯಲ್ಲಿರುವುದು ಸಿ ಕೊಳಲು ಅಂತ ರೆಕಾರ್ಡಿಂಗಿನ ಕೊನೆಯಲ್ಲಿ ಅವನೇ ಹೇಳುವುದು ಕೇಳಿಸಿತು. ಕೊಳಲಿನ ಪಂಚಮವನ್ನೇ ಷಡ್ಜ ಮಾಡಿಕೊಂಡರೆ ಮೋಹನಕ್ಕೆ ಬೇಕಾದ ಐದು ಸ್ವರಗಳು ಆ ಕೊಳಲಿನ ಪ, ದ, ನಿ, ರಿ, ಗ ಆಗುತ್ತವೆ. ಒಂದು ರಂಧ್ರವನ್ನೂ ಅರ್ಧ ಮುಚ್ಚಬೇಕಾಗಿಲ್ಲ. ಎರಡು ವಾರದ ಅಭ್ಯಾಸ ಸಾಕು. ತಬಲಾ ಈಗ ಕಾಳಿ ಏಕ್‌ಗೆ ಕಟ್ಟಿದೆ. ಅದನ್ನು ಅರ್ಧ ಮನೆ ಏರಿಸಿದರೆ ಡಿ ಆಗುತ್ತದೆ, ಅದು ಹೊಸ ಶ್ರುತಿಯ ಪಂಚಮ. ತಬಲಾವನ್ನು ಷಡ್ಜಕ್ಕೇ ಕಟ್ಟಬೇಕು ಅಂತೇನಿಲ್ಲ, ಪಂಚಮಕ್ಕೆ ಕಟ್ಟುವುದು ರೂಢಿಯಲ್ಲಿದೆ. ಇನ್ನು ಗಿಟಾರಿನವನಿಗೆ ಜಿ ಅಂದರೆ ಮನೆಯಂಗಳ. ಒಂದೇ ತೊಡಕು ಮಾಸ್ತರದ್ದು. ಐದು ಮನೆಯಲ್ಲಿ ಅವರ ದನಿ ಒಂದೋ ತೀರಾ ಕೆಳಗೆ ಹೋಗುತ್ತದೆ, ಇಲ್ಲಾ ತೀರಾ ಮೇಲೆ. ಅವರು ಪೇಟಿಯಲ್ಲಿ ಸಾಲು ನುಡಿಸಲಿ, ಹಾಡಿ ತೋರಿಸುವ ಕೆಲಸ ನಿಮ್ಮ ಮಗಳಿಗೋ ಇನ್ನೊಬ್ಬ ಹುಡುಗಿಗೋ ಕೊಡಿ. ಮಕ್ಕಳು ಮಕ್ಕಳ ದನಿ ಕೇಳಿ ಬೇಗ ಕಲಿಯುತ್ತಾರೆ.

ಈಗ ಕಾರ್ಡಿನ ಜಗಳಕ್ಕೆ ಬರೋಣ. ಇದರಲ್ಲಿ ಇಬ್ಬರದೂ ಅರ್ಧರ್ಧ ಸರಿ.

ಭಾರತೀಯ ಹಾಡಿಗೆ ಕಾರ್ಡ್ ಕೂಡದು ಅನ್ನುವುದು ನಿಯಮವೇನಲ್ಲ. ದಾಸರ ಪದಗಳಿಗೆ ಇವತ್ತು ನಾವು ಹಾಡುವ ಧಾಟಿಗಳಲ್ಲಿ ಹೆಚ್ಚಿನವು ಆಮೇಲಿನವರು ಹಾಕಿದವು. ಅದೇ ಪದವನ್ನು ಬೆಂಗಳೂರಿನಲ್ಲಿ ಒಂದು ರಾಗದಲ್ಲಿ, ಧಾರವಾಡದ ಕಡೆ ಇನ್ನೊಂದರಲ್ಲಿ ಹಾಡುತ್ತಾರೆ. ಗದಗಿನಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ದಾಸವಾಣಿಯನ್ನು ಹಿಂದೂಸ್ತಾನಿಯಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಮಾಸ್ತರು ಪ್ರೀತಿಯಿಂದ ನುಡಿಸುವ ಪೇಟಿ ಕೂಡ ಯುರೋಪಿನಿಂದ ಬಂದದ್ದೇ. 1940ರಿಂದ ಮೂವತ್ತು ವರ್ಷ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ನಮ್ಮ ಮುಂಬೈಯನ್ನೇ ನೋಡಿ. ಗೋವಾದಿಂದ ಬಂದ ಅರೇಂಜರ್‌ಗಳು ಇಲ್ಲಿಯ ಸಿನಿಮಾ ಹಾಡುಗಳಿಗೆ ವಯಲಿನ್, ಚೆಲ್ಲೊ ಹೆಣೆದದ್ದನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಅವರಲ್ಲೊಬ್ಬರಾದ ಆಂಥನಿ ಗೊನ್ಸಾಲ್ವಿಸ್ 1958ರಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ದೊಡ್ಡ ಆರ್ಕೆಸ್ಟ್ರಾ ಕೂರಿಸಿ ರಾಗಗಳನ್ನು ನುಡಿಸಿದ್ದರು. ದಾರಿ ಇದೆ ಅಂತ ತೋರಿಸಲು ಇಷ್ಟು ಹೇಳಿದೆ.

ಆದರೆ ಮಾಸ್ತರ ಕಿವಿ ಸುಳ್ಳು ಹೇಳುತ್ತಿಲ್ಲ. ಮೋಹನದಲ್ಲಿ ಮ ಇಲ್ಲ, ನಿ ಇಲ್ಲ. ಗಿಟಾರಿನವನು ಚರ್ಚ್ ಕ್ವಾಯರಿನಲ್ಲಿ ಕಲಿತ ಅಭ್ಯಾಸದಂತೆ ಮೂರು ಕಾರ್ಡ್ ಹಾಕುತ್ತಿದ್ದಾನೆ. ಹೊಸ ಶ್ರುತಿಯಲ್ಲಿ ಅವು ಜಿ, ಸಿ, ಡಿ ಆಗುತ್ತವೆ. ಸಿ ಕಾರ್ಡ್ ಶುರುವಾಗುವುದೇ ಮ ಸ್ವರದಿಂದ. ಡಿ ಕಾರ್ಡಿನ ನಡುವೆ ನಿ ಕೂತಿದೆ. ಮಕ್ಕಳು ಶುದ್ಧವಾಗಿ ಹಾಡುತ್ತಿದ್ದರೂ ಹಿಂದಿನಿಂದ ಎರಡು ಅನ್ಯ ಸ್ವರ ಬಂದು ಸೇರುತ್ತವೆ. ಮಾಸ್ತರಿಗೆ ಚುಚ್ಚುವುದು ಅದೇ. ರಾಗದೊಳಗೇ ಪೂರ್ತಿ ಇರುವ ಸಾದಾ ಕಾರ್ಡ್ ಎರಡೇ. ಒಂದು ಜಿ, ಇನ್ನೊಂದು ಇ ಮೈನರ್. ಇ ಮೈನರನ್ನೂ ಜಾಸ್ತಿ ಹೊತ್ತು ಹಿಡಿದರೆ ಕೇಳುವವರಿಗೆ ಧೈವತವೇ (ದ) ಷಡ್ಜ ಅನಿಸತೊಡಗುತ್ತದೆ, ಹಾಡು ತನ್ನ ಮನೆ ಮರೆಯುತ್ತದೆ.

ನಾನು ಮಾಡುವುದು ಹೀಗೆ. ಗಿಟಾರಿನವನಿಗೆ ಪೂರ್ತಿ ಕಾರ್ಡ್ ಬಿಡಿಸಿ ಎರಡೆರಡು ಸ್ವರ ಕೊಡುತ್ತೇನೆ. ಸ-ಪ, ರಿ-ದ, ದ-ಗ. ಮೂರೂ ರಾಗದೊಳಗೇ ಇವೆ, ತಂಬೂರಿಯ ಛಾಯೆಯೂ ಬರುತ್ತದೆ. ಕೀಬೋರ್ಡಿನವಳಿಗೂ ಇದೇ. ಉದ್ದಕ್ಕೆ ಗಾಂಧಾರ (ಗ) ಒತ್ತಿ ಹಿಡಿಯಬೇಡ ಅಂತ ಅವಳಿಗೆ ಹೇಳಿ. ಕೀಬೋರ್ಡಿನ ಗಾಂಧಾರ ತಂಬೂರಿಯಿಂದ ಹೊಮ್ಮುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. 100 ಸೆಂಟ್ ಅಂದರೆ ಕಪ್ಪು-ಬಿಳಿ ಸೇರಿ ಪಕ್ಕಪಕ್ಕದ ಎರಡು ಕೀಗಳ ಅಂತರ, ಅರ್ಧ ಮನೆ. ಅಂತರ ಸಣ್ಣದೇ, ಆದರೂ ಉದ್ದಕ್ಕೆ ಹಿಡಿದರೆ ಮಕ್ಕಳ ದನಿ ಅದರ ಜೊತೆ ಉಜ್ಜಾಡುತ್ತದೆ.

ಎರಡನೇ ದನಿ ಬೇಕೆಂದು ಮಕ್ಕಳೇ ಆಸೆಪಟ್ಟರೆ ಅದಕ್ಕೂ ಸುಲಭದ ದಾರಿ ಇದೆ. ಗೋವಾದ ಮಾಂಡೊ ಹಾಡು ಕೇಳಿದ್ದೀರಲ್ವಾ? ಎರಡು ದನಿ ಕೈ ಹಿಡಿದುಕೊಂಡ ಹಾಗೆ ಜೊತೆಜೊತೆಗೇ ಸಾಗುತ್ತವೆ. ಮೋಹನದಲ್ಲಿ ಅದನ್ನು ಮಾಡಬೇಕಾದರೆ ರಾಗದ ಮೆಟ್ಟಿಲಲ್ಲಿ ಒಂದು ಸ್ವರ ಬಿಟ್ಟು ಮುಂದಿನದು ಹಿಡಿಯಿರಿ. ಸ ಹಾಡುವವರ ಜೊತೆ ಗ, ರಿ ಜೊತೆ ಪ, ಗ ಜೊತೆ ದ, ಪ ಜೊತೆ ಮೇಲಿನ ಸ, ದ ಜೊತೆ ಮೇಲಿನ ರಿ. ಯಾವ ಜೋಡಿಯೂ ಕರ್ಕಶವಾಗುವುದಿಲ್ಲ, ಯಾವುದೂ ರಾಗದ ಹೊರಗೆ ಹೋಗುವುದಿಲ್ಲ. ಆದರೆ ಇಡೀ ಹಾಡಿಗೆ ಹಾಕಬೇಡಿ. ಕೊನೆಯ ಸಲ ಪಲ್ಲವಿ ಬರುವಾಗ ಒಂದೇ ಒಂದು ಸಾಲಿಗೆ ಹಾಕಿ. ಆರು ವಾರದಲ್ಲಿ ಗಟ್ಟಿಯಾಗಿ ನಿಲ್ಲುವುದು ಅಷ್ಟೇ. ಮಾಸ್ತರು ಒಪ್ಪದಿದ್ದರೆ ಅದೂ ಬೇಡ, ಅವರ ಮನಸ್ಸು ಮುರಿದು ಹಾಡು ಕಟ್ಟಲಾಗುವುದಿಲ್ಲ.

ಇನ್ನು ಆ ಒಂಬತ್ತನೇ ಕ್ಲಾಸಿನ ಹುಡುಗ. ನಿಮ್ಮ ಪತ್ರದಲ್ಲಿ ನನ್ನನ್ನು ತುಂಬ ಕಾಡಿದ್ದು ಇದೇ.

ಗಂಟಲು ಒಡೆಯುವುದು ರೋಗ ಅಲ್ಲ. ಹನ್ನೆರಡರಿಂದ ಹದಿನೈದರ ಒಳಗೆ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಇಳಿಯುವ ದಾರಿಯಲ್ಲಿ ಅಲ್ಲಲ್ಲಿ ಸ್ವರ ಮುರಿಯುತ್ತದೆ. ಈ ಹೊತ್ತಿನಲ್ಲಿ ಹಾಡಿದರೆ ದನಿ ಶಾಶ್ವತವಾಗಿ ಹೋಗುತ್ತದೆ ಅಂತ ಹಳಬರು ಹೆದರಿಸುತ್ತಾರೆ. ಹಾಗೇನಿಲ್ಲ. ಹೋದರೆ ಕೂಗಿದ್ದಕ್ಕೆ ಹೋಗುತ್ತದೆ. ತನಗೆ ಸಿಗುವ ನಾಲ್ಕೈದು ಸ್ವರಗಳಲ್ಲಿ ಮೆತ್ತಗೆ ಹಾಡಿದರೆ ಏನೂ ಆಗುವುದಿಲ್ಲ. ಗೊಗ್ಗರು ದನಿ ಎರಡು-ಮೂರು ವಾರ ಕಳೆದರೂ ಬಿಡದಿದ್ದರೆ ಮಾತ್ರ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಲಿ.

ಐದು ಮನೆ ಶ್ರುತಿಯಲ್ಲಿ ಕೆಳಗಿನ ಷಡ್ಜದಿಂದ ಪಂಚಮದವರೆಗಿನ ಜಾಗ ಇದೆಯಲ್ಲ, ಒಡೆಯುತ್ತಿರುವ ಗಂಟಲಿಗೆ ಸಾಮಾನ್ಯವಾಗಿ ಸಿಗುವ ಜಾಗ ಅದೇ. ಅವನಿಗೆ ಆಧಾರ ಸ್ವರ ಕೊಡಿ. ಪಲ್ಲವಿಯಲ್ಲಿ ಷಡ್ಜ ಹಿಡಿದು ನಿಲ್ಲಲಿ, ಚರಣ ಏರುವಾಗ ಪಂಚಮಕ್ಕೆ ಹೋಗಲಿ, ತಿರುಗಿ ಷಡ್ಜಕ್ಕೆ ಬರಲಿ. ಉಳಿದ ಎಂಟು ಜನ ಅವನನ್ನು ಒರಗಿಕೊಂಡು ಹಾಡುತ್ತಾರೆ. ನನ್ನ ಒಂದು ಕ್ಲಾಸಿನಲ್ಲಿ ಹೀಗೇ ಮಾಡಿದ್ದೆ. ಮೊದಲ ದಿನ ಆ ಹುಡುಗ ನೆಲ ನೋಡುತ್ತಾ ಷಡ್ಜ ಹಿಡಿದ. ಪಕ್ಕದಲ್ಲಿದ್ದ ಚಿಕ್ಕ ಹುಡುಗಿ ತನ್ನ ಸಾಲು ಹಾಡುತ್ತಾ ಹಾಡುತ್ತಾ ಅವನ ಕಡೆಗೆ ಕಿವಿ ವಾಲಿಸಿದಳು. ಅವನು ತಲೆ ಎತ್ತಿದ.

ಓಟದ ವಿಷಯಕ್ಕೆ ಮತ್ತೆ ಬರುತ್ತೇನೆ. ಶ್ರುತಿ ಇಳಿಸಿದ ಕೂಡಲೇ ಅರ್ಧ ಓಟ ನಿಲ್ಲುತ್ತದೆ, ಇನ್ನರ್ಧ ಅಭ್ಯಾಸವಾಗಿ ಹೋಗಿದೆ. ಸಾಲಿನ ಕೊನೆಯ ಆ ನಾಲ್ಕು ಮಾತ್ರೆಗಳನ್ನು ಖಾಲಿ ಬಿಡಬೇಡಿ, ಅಲ್ಲಿ ಕೊಳಲಿಗೆ ಒಂದು ಚಿಕ್ಕ ತುಣುಕು ಕೊಡಿ. ಕೊಳಲು ಮುಗಿಯುವವರೆಗೆ ಹಾಡುವ ಹಾಗಿಲ್ಲ ಅಂದರೆ ಮಕ್ಕಳು ತಾವಾಗಿ ಕಾಯುತ್ತಾರೆ. ವಾದ್ಯ ಇಲ್ಲದೆ, ದನಿ ಇಲ್ಲದೆ, ಎಲ್ಲರೂ ದುಂಡಗೆ ಕೂತು ಪಕ್ಕದವರ ಮುಂಗೈ ಮೇಲೆ ಒಂದು ಬೆರಳಿನಿಂದ ಮಾತ್ರೆ ತಟ್ಟುತ್ತಾ ಸಾಹಿತ್ಯವನ್ನು ಬರೀ ಮಾತಿನಲ್ಲಿ ಹೇಳಿಸಿ. ಯಾರು ಓಡುತ್ತಿದ್ದಾರೆ ಅಂತ ಮುಂಗೈಗೆ ಗೊತ್ತಾಗುತ್ತದೆ, ಯಾರೂ ಯಾರನ್ನೂ ಬೈಯಬೇಕಾಗಿಲ್ಲ. ದಿನಾ ಹಾಡನ್ನು ಮೊದಲಿಂದ ಶುರು ಮಾಡುವುದನ್ನೂ ಬಿಡಿ. ಪಲ್ಲವಿಯನ್ನು ಐವತ್ತು ಸಲ, ಕೊನೆಯ ಚರಣವನ್ನು ಹತ್ತು ಸಲ ಹಾಡಿರುತ್ತಾರೆ. ಕೊನೆಯಲ್ಲಿ ಕುಸಿಯದೆ ಇನ್ನೇನಾಗುತ್ತದೆ? ವಾರದಲ್ಲಿ ಒಂದು ತಾಲೀಮು ಕೊನೆಯ ಚರಣದಿಂದಲೇ ಶುರುವಾಗಲಿ.

ಕಾರ್ಯಕ್ರಮದಲ್ಲಿ ನಿಮಗೆ ನಾಲ್ಕು ನಿಮಿಷ ಕೊಟ್ಟರೆ ಒಂದು ಚರಣ ಬಿಡಬೇಕಾಗುತ್ತದೆ. ಬಿಡುವಾಗ ನಡುವಿನದನ್ನು ಬಿಡಿ. ಕೊನೆಯ ಚರಣದಲ್ಲಿ ದಾಸರ ಅಂಕಿತ ಇದೆ. ಅಂಕಿತ ಇಲ್ಲದೆ ದಾಸರ ಪದ ಮುಗಿಸಿದರೆ ಸಹಿ ಇಲ್ಲದ ಕಾಗದ ಕೊಟ್ಟ ಹಾಗೆ.

ಉಚ್ಚಾರದ ಬಗ್ಗೆ ನೀವು ಕೇಳಿಲ್ಲ, ಆದರೆ ರೆಕಾರ್ಡಿಂಗಿನಲ್ಲಿ ಕೇಳಿಸಿತು. ಮರಾಠಿ ಮಕ್ಕಳಿಗೆ ಳ ಸಲೀಸು. ಅವರ ತೊಂದರೆ ಎ-ಏ, ಒ-ಓ. ಮರಾಠಿಯಲ್ಲಿ ಈ ಹ್ರಸ್ವ-ದೀರ್ಘದ ಭೇದ ಇಲ್ಲ. ನೀವು ಸಾಹಿತ್ಯವನ್ನು ದೇವನಾಗರಿಯಲ್ಲಿ ಬರೆದುಕೊಟ್ಟಿದ್ದರೆ ಎರಡಕ್ಕೂ ಒಂದೇ ಅಕ್ಷರ ಬಿದ್ದಿರುತ್ತದೆ. ಬೆಳೆ ಬೇಳೆಯಾಗುತ್ತದೆ, ಕೊಡು ಕೋಡಾಗುತ್ತದೆ. ಪದದ ಕೊನೆಯ ಅ ಕೂಡ ನುಂಗುತ್ತಾರೆ, ರಾಮ ಅನ್ನುವುದು ರಾಮ್ ಆಗುತ್ತದೆ. ಹ್ರಸ್ವ ಬರುವ ಕಡೆ ಅಕ್ಷರದ ತಲೆ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಡಿಸಿ. ಪದಗಳ ಅರ್ಥವನ್ನೂ ಒಂದು ದಿನ ಕೂತು ಅವರ ಭಾಷೆಯಲ್ಲೇ ಹೇಳಿ. ವಾರಕರಿ ಅಭಂಗ ಕೇಳಿ ಬೆಳೆದ ಮಕ್ಕಳಿಗೆ ದಾಸರ ವಿಠಲ ಹೊಸಬನಲ್ಲ.

ಟ್ರ್ಯಾಕ್ ಹಾಕುವ ಯೋಚನೆ ನನಗೆ ಹಿಡಿಸುವುದಿಲ್ಲ. ತಪ್ಪು ಅಂತ ಹೇಳುತ್ತಿಲ್ಲ. ಲಯ ಗಟ್ಟಿ ನಿಲ್ಲುತ್ತದೆ, ವೇದಿಕೆಯ ಭಯ ಕಡಿಮೆಯಾಗುತ್ತದೆ. ಆದರೆ ಟ್ರ್ಯಾಕ್ ಕಾಯುವುದಿಲ್ಲ. ಒಂದು ಸಾಲು ತಪ್ಪಿದರೆ ಮಕ್ಕಳು ಅದನ್ನು ಹಿಡಿಯಲಾರರು. ತಬಲಾ ಹುಡುಗನಾದರೆ ಕಾಯುತ್ತಾನೆ. ಟ್ರ್ಯಾಕ್‌ಗಳು ಸಾಮಾನ್ಯವಾಗಿ ದೊಡ್ಡ ಗಾಯಕರ ಶ್ರುತಿಯಲ್ಲಿರುತ್ತವೆ, ಮತ್ತೆ ಅದೇ ಕಿರುಚಾಟ. ಎಲ್ಲಕ್ಕಿಂತ ಹೆಚ್ಚಾಗಿ, ಐದು ಮಕ್ಕಳು ವಾದ್ಯ ಹಿಡಿದು ಬಂದಿದ್ದಾರಲ್ವಾ? ಅವರನ್ನು ಎಲ್ಲಿ ಕೂರಿಸುತ್ತೀರಿ? ತೀರಾ ಭಯವಿದ್ದರೆ ತಂಬೂರಿ ಆಪ್ ಮಾತ್ರ ಹಾಕಿ, ಅಷ್ಟೇ ಸಾಕು.

ಕಾನೂನಿನ ಚಿಂತೆ ಇದ್ದರೆ ಒಂದು ಮಾತು. ಶಾಲೆಯ ಮಕ್ಕಳು, ಸಿಬ್ಬಂದಿ, ಪೋಷಕರಷ್ಟೇ ಕೇಳುಗರಾಗಿರುವ ಕಾರ್ಯಕ್ರಮದಲ್ಲಿ ಮಕ್ಕಳೇ ಹಾಡುವುದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ದಾಸರ ಸಾಹಿತ್ಯಕ್ಕಂತೂ ಯಾರ ಹಕ್ಕೂ ಇಲ್ಲ. ಆದರೆ ಈಚಿನವರು ಹಾಕಿದ ಧಾಟಿಯಾದರೆ, ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವಾಗ ಆ ವಿನಾಯಿತಿ ಜೊತೆಗೆ ಬರುವುದಿಲ್ಲ.

ವೇದಿಕೆ ಬಗ್ಗೆ ಒಂದೇ ಒಂದು ಎಚ್ಚರಿಕೆ. ಶಾಲೆಯ ಹಾಲ್‌ನಲ್ಲಿ ಸ್ಪೀಕರುಗಳೆಲ್ಲ ಪ್ರೇಕ್ಷಕರ ಕಡೆ ಮುಖ ಮಾಡಿರುತ್ತವೆ. ಮಕ್ಕಳಿಗೆ ಕೇಳುವುದು ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದ ಸದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 20 ಮೀಟರ್ ಉದ್ದದ ಹಾಲ್ ಆದರೆ ಹೋಗಿ ಬರಲು 40 ಮೀಟರ್, ಅಂದರೆ ಸೆಕೆಂಡಿನ ಎಂಟನೇ ಒಂದು ಪಾಲಿನಷ್ಟು ತಡ. ತಾಲೀಮಿನಲ್ಲಿ ಸರಿಯಾಗಿದ್ದ ತಾಳ ವೇದಿಕೆಯಲ್ಲಿ ತಪ್ಪುವುದಕ್ಕೆ ಇದೊಂದು ದೊಡ್ಡ ಕಾರಣ. ತಬಲಾವನ್ನು ಮೂಲೆಗೆ ತಳ್ಳಲು ಬಿಡಬೇಡಿ, ನಡುವೆ ಇರಲಿ, ಹಾಡುವವರು ಅದರ ಸುತ್ತ ಅರ್ಧಚಂದ್ರಾಕಾರದಲ್ಲಿ ನಿಲ್ಲಲಿ. ಒಂದು ಚಿಕ್ಕ ಸ್ಪೀಕರ್ ಮಕ್ಕಳ ಕಡೆ ತಿರುಗಿಸಲು ಸೌಂಡಿನವರಿಗೆ ಮೊದಲೇ ಹೇಳಿ. ಕಹೋನ್ ಎರಡನೇ ಚರಣದಿಂದ ಬರಲಿ, ಅಲ್ಲಿಯವರೆಗೆ ಬೇಡ. ತಬಲಾ ಮತ್ತು ಕಹೋನ್ ಎರಡೂ ಮೊದಲಿನಿಂದ ಬಡಿದರೆ ಮಾತು ಕೇಳುವುದಿಲ್ಲ.

ಗಂಟಲಿಗೆ ಮೊಸರು ಕೂಡದು, ಬಾಳೆಹಣ್ಣು ಕೂಡದು ಅಂತ ಮನೆಗಳಲ್ಲಿ ಶುರುವಾಗಿರುತ್ತದೆ. ನುಂಗಿದ್ದು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ, ಅದು ಬೇರೆ ದಾರಿಯಲ್ಲಿ ಹೋಗುತ್ತದೆ. ನೀರು ಕುಡಿಯಲಿ, ನಿದ್ದೆ ಮಾಡಲಿ, ಹಿಂದಿನ ದಿನ ಕ್ರಿಕೆಟ್ ಮ್ಯಾಚಿನಲ್ಲಿ ಕೂಗದಿರಲಿ.

ಮುಂದಿನ ತಾಲೀಮಿನಲ್ಲಿ ಬೇರೇನೂ ಮಾಡಬೇಡಿ. ಐದು ಮನೆ ಶ್ರುತಿ ಇಟ್ಟು, ಆ ಹುಡುಗನ ಕೈಲಿ ಷಡ್ಜ ಹಿಡಿಸಿ, ಎರಡನೇ ಚರಣವನ್ನಷ್ಟೇ ಎರಡು ಸಲ ಹಾಡಿಸಿ. ಅವನು ಬರದಿದ್ದರೆ ಮಾಸ್ತರೇ ಅವನ ಮನೆಗೆ ಫೋನ್ ಮಾಡಲಿ. ರೆಕಾರ್ಡ್ ಮಾಡಿ ನನಗೆ ಕಳಿಸಿ, ಕೊನೆಯ ಅಕ್ಷರ ನಾಲ್ಕು ಮಾತ್ರೆ ನಿಂತಿದೆಯಾ ಅಂತ ನಾನೇ ಎಣಿಸಿ ಹೇಳುತ್ತೇನೆ.